ಹುಬ್ಬಳ್ಳಿ ದುರ್ಗದಬೈಲ್ ಹತ್ರ ಅಕ್ಕಾರ ಖಾರದ ಅಂಗಡಿ: ಬೈಗಳ ತಿಂದು ಬೆಳೆದ ವ್ಯಾಪಾರ

ಖಾರಪುಡಿ ಚಲೋ ಐತಿ, ಮಸಾಲಿ ಖಾರ ಅದಕ್ಕಿಂತ ಚಲೋ ಐತಿ, ರಂಜಕದಾಗ (ಕೆಂಪು ಮೆಣಸಿನಕಾಯಿ ಚಟ್ನಿ) ಉಪ್ಪು ಜಾಸ್ತಿ. ಬರೀ ರೇಟಿಂಗ್ ನೋಡಾಕ ಬಂದವ್ರಿಗೆ ಇಷ್ಟ ಸಾಕು, ನನ್ನ ಕಡೆಯಿಂದ ಐದಕ್ಕ ನಾಕೂವರಿ. ಆದ್ರ ಉದ್ದಕ್ಕ ಬರೀಬೇಕು ಅನಿಸಿದ್ದು ರುಚಿ ಒಂದಕ್ಕ ಅಲ್ಲ. ಹೋದ ವರ್ಷ ಈ ಅಂಗಡಿಗೆ ಆನ್‌ಲೈನ್‌ನ್ಯಾಗ ಬಿದ್ದ ಬೈಗಳ ನಾ ಕಣ್ಣಾರೆ ನೋಡೀನಿ, ಬ್ಯಾರೆ ಯಾರರ ಆಗಿದ್ರ ಶಟರ್ ಇಳಿಸಿ ಮನಿಗೆ ಹೋಗ್ತಿದ್ರು, ಅಂಗಡಿ ನಡಸೋ ಅಕ್ಕಾರು ಅದ ಬೈಗಳದಾಗ ಕೆಲಸಕ್ಕ ಬರೋದನ್ನ ಆರಿಸಿಕೊಂಡು ಅಂಗಡಿ ದೊಡ್ಡದ ಮಾಡ್ಯಾರ, ಅದೂ ಯಾರಿಗೂ ತಿರುಗಿ ಒಂದು ಹೊಲಸು ಮಾತು ಆಡಲಾರ್ದ.

ಅಂಗಡಿ ಇರೋದು ದುರ್ಗದಬೈಲ್‌ನಿಂದ ಒಳಗ ಹೋಗೋ ಓಣಿಯಾಗ. ಸಣ್ಣದ. ಮುಂದ ಕೌಂಟರ್, ಹಿಂದ ಖಾರ ಕುಟ್ಟೋ ಮಷಿನ್, ಬಾಜೂಕ ಗೋಣಿಚೀಲದಾಗ ಮೆಣಸಿನಕಾಯಿ. ಒಳಗ ಕಾಲಿಟ್ರ ಸೀನು ಬರೋದು ಗ್ಯಾರಂಟಿ, ಸಣ್ಣ ಹುಡುಗ್ರನ್ನ ಕರ್ಕೊಂಡು ಹೋಗಬ್ಯಾಡ್ರಿ. ಬ್ಯಾಡಗಿ ಖಾರಪುಡಿ, ಮಸಾಲಿ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ರಂಜಕ, ಇಷ್ಟ ಅವರ ಮಾಲು. ಎಲ್ಲಾರೂ ಅವರಿಗೆ ಅಕ್ಕಾರ ಅಂತಾರ, ಅವರು ಎಲ್ಲಾರಿಗೂ ತಮ್ಮಾ, ಯವ್ವಾ.

ಗದ್ದಲ ಶುರು ಆಗಿದ್ದು ಒಂದು ರೀಲ್‌ನಿಂದ. ಮಷಿನ್‌ನಿಂದ ಖಾರಪುಡಿ ಬುಟ್ಟಿಗೆ ಬೀಳೋದನ್ನ ಮಗಳು ವಿಡಿಯೋ ಮಾಡಿ ಹಾಕಿದ್ಲು, ಹಿಂದ ಅಕ್ಕಾರು ನಮ್ಮ ಹುಬ್ಬಳ್ಳಿ ಭಾಷಾದಾಗ "ನೋಡ್ರಿ ಹೆಂಗ ಐತಿ ಕೆಂಪು" ಅಂತ ಹೇಳ್ತಾರ, ಅಷ್ಟ. ಅದು ಎಲ್ಲೆಲ್ಲೋ ಹೋತು. ಮೊದಲ ದಿನ ಹಾರ್ಟು, ಚಪ್ಪಾಳಿ, ಎರಡನೇ ದಿನದಿಂದ ಕಾಮೆಂಟ್ ತಿರುಗಿದ್ವು. ಇಷ್ಟು ಕೆಂಪು ಇರಾಕ ಸಾಧ್ಯನ ಇಲ್ಲ, ಬಣ್ಣ ಹಾಕ್ಯಾರ ಅಂತ ಒಬ್ಬಾಂವ. ಇದು ಖಾರಪುಡಿ ಅಲ್ಲ ಲಿಪ್‌ಸ್ಟಿಕ್ ಪುಡಿ ಅಂತ ಇನ್ನೊಬ್ಬಾಂವ, ಅದಕ್ಕ ಸಾಲು ಹಿಡದು ಲೈಕು. ಒಬ್ರಂತೂ ಅವರ ಮಾತಿನ ಧಾಟಿ ಆಡಿಕೊಂಡು ಅಣಕು ವಿಡಿಯೋನ ಮಾಡಿದ್ರು. ಅಂಗಡಿ ಮೆಟ್ಟಲ ಹತ್ತದವ್ರು ಗೂಗಲ್‌ನ್ಯಾಗ ಒಂದೊಂದು ಸ್ಟಾರ್ ಕೊಟ್ಟು, ಖಾರನ ಇಲ್ಲ ಮೋಸ ಅಂತ ಬರದ್ರು. ಅಕ್ಕಾರ ವಯಸ್ಸು, ಮೈ, ಮನಿತನ ಎಲ್ಲಾ ಎತ್ತಿ ಬರದಿದ್ದೂ ಇತ್ತು, ಅದನ್ನ ಇಲ್ಲಿ ಬರ್ಯಾಕ ನನಗ ಮನಸಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಗೊತ್ತಿದ್ದವ್ರು ಯಾರೂ ಈ ಮಾತು ಆಡಂಗಿಲ್ಲ. ಕೆಂಪು ಬ್ಯಾರೆ, ಖಾರ ಬ್ಯಾರೆ. ಖಾರ ಬರೋದು ಕ್ಯಾಪ್ಸೈಸಿನ್‌ನಿಂದ, ಕೆಂಪು ಬರೋದು ಕ್ಯಾಪ್ಸಾಂತಿನ್ ಅನ್ನೋ ಬ್ಯಾರೆ ಪದಾರ್ಥದಿಂದ, ಬ್ಯಾಡಗಿಯೊಳಗ ಮೊದಲನೇದು ಕಡಿಮಿ, ಎರಡನೇದು ಭರಪೂರ. ಗುಂಟೂರು ಕಡೆ ತೇಜಾ ತಳಿ ತಿಂದು ರೂಢಿ ಇದ್ದವ್ರಿಗೆ ಇದು ಸಪ್ಪಗ ಅನಸೋದು ಸಹಜ, ಅದು ಮೋಸ ಅಲ್ಲ, ತಳಿ ಗುಣ. ಸುಕ್ಕು ಸುಕ್ಕಾಗಿರೋ ಈ ಕಾಯಿಗೆ 2011ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕೇತಿ. ಹೆಸರು ಹಾವೇರಿ ಜಿಲ್ಲಾದ ಬ್ಯಾಡಗಿದು, ಆದ್ರ ಆ ಮಾರ್ಕೆಟ್‌ಗೆ ಬರೋ ಮಾಲಿನ್ಯಾಗ ನಮ್ಮ ಕುಂದಗೋಳ, ನವಲಗುಂದ, ಗದಗ ಕಡೆ ಕರಿ ಹೊಲದಾಗ ಬೆಳೆದಿದ್ದೂ ಬಾಳ ಇರ್ತೈತಿ. ಇದರ ಬಣ್ಣ ತಗದು ಓಲಿಯೋರೆಸಿನ್ ಅನ್ನೋ ಗಟ್ಟಿ ಸಾರ ಮಾಡ್ತಾರ, ಅದು ತಿನ್ನೋ ಪದಾರ್ಥಕ್ಕೂ ಹೋಗ್ತೈತಿ, ಲಿಪ್‌ಸ್ಟಿಕ್‌ನಂಥಾ ಶೃಂಗಾರದ ಸಾಮಾನಿಗೂ ಹೋಗ್ತೈತಿ. ಅಂದ್ರ ಆ ಟ್ರೋಲ್ ಮಾಡಿದಾಂವ ತನಗ ಗೊತ್ತಿಲ್ಲದಂಗ ಬ್ಯಾಡಗಿ ಕಾಯಿ ಹೊಗಳಿದ್ದ!

ಹಂಗಂತ ಬಣ್ಣದ ಬಗ್ಗೆ ಕೇಳಿದವ್ರೆಲ್ಲಾ ಕೆಟ್ಟವ್ರು ಅಂತ ನಾ ಅನ್ನಂಗಿಲ್ಲ. 2005ರಾಗ ಬ್ರಿಟನ್‌ನ್ಯಾಗ ಖಾರಪುಡಿಯೊಳಗ ಸುಡಾನ್ ಅನ್ನೋ, ತಿನ್ನೋ ಪದಾರ್ಥಕ್ಕ ಹಾಕಬಾರದ ಬಣ್ಣ ಸಿಕ್ಕು ಅಂಗಡಿಗಳಿಂದ ನೂರಾರು ಪದಾರ್ಥ ವಾಪಸ್ ತಗಸಿದ್ರು. ನಮ್ಮಲ್ಲೂ ಖಾರಪುಡಿಗೆ ಯಾವ ಬಣ್ಣಾನೂ ಹಾಕೂ ಹಂಗಿಲ್ಲ ಅಂತ ಕಾಯ್ದೆ ಐತಿ, ಆದ್ರೂ ಕಲಬೆರಕಿ ನಡದಿರ್ತೈತಿ, ಮಂದಿಗೆ ಸಂಶಯ ಬರೋದು ತಪ್ಪಲ್ಲ. ಅಕ್ಕಾರು ಇದನ್ನ ಸರಿಯಾಗಿ ತಿಳ್ಕೊಂಡ್ರು, ಇಡೀ ಕಥಿಯೊಳಗ ನನಗ ಬಾಳ ಹಿಡಿಸಿದ್ದು ಇದ. ಮಗಳು ಎಲ್ಲಾ ಕಾಮೆಂಟ್ ಓದಿ ಹೇಳಿದ್ಲು, ಅವರು ರೊಕ್ಕದ ಲೆಕ್ಕ ಬರಿಯೋ ನೋಟ್‌ಬುಕ್ಕಿನ್ಯಾಗ ಕೆಲವು ಅಷ್ಟ ಬರ್ಕೊಂಡ್ರು. ಆ ಪುಟ ನನಗ ತೋರ್ಸ್ಯಾರ. ಬಣ್ಣ ಹಾಕೀರಿ, ಪ್ಯಾಕೆಟ್ ಮ್ಯಾಲ ತಾರೀಖ ಇಲ್ಲ, ಕೊರಿಯರ್‌ನ್ಯಾಗ ಚೀಲ ಹರದಿತ್ತು, ಎರಡು ತಿಂಗಳಿಗೆ ಬಣ್ಣ ಹೋತು. ಮೈ, ವಯಸ್ಸು, ಮಾತಿನ ಧಾಟಿ ಬಗ್ಗೆ ಬರದಿದ್ದು ಒಂದೂ ಆ ಪುಟದಾಗ ಇಲ್ಲ.

ಬಣ್ಣದ ಮಾತಿಗೆ ಉತ್ತರ ಕೊಟ್ಟಿದ್ದು ಒಂದು ಗ್ಲಾಸ್ ನೀರಿನಿಂದ. ಎಫ್‌ಎಸ್‌ಎಸ್‌ಎಐದವ್ರ (ತಿನ್ನೋ ಪದಾರ್ಥದ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ) ಹೇಳಿಕೊಡೋ ಪರೀಕ್ಷೆ ಇದು. ಗ್ಲಾಸಿನ ನೀರ ಮ್ಯಾಲ ಖಾರಪುಡಿ ಉದುರಿಸಬೇಕು, ನೀರಾಗ ಕರಗೋ ಬಣ್ಣ ಬೆರಸಿದ್ರ ಕೂಡ್ಲೆ ಕೆಂಪು ಗೆರಿ ಕೆಳಗ ಇಳೀತಾವು. ಅಕ್ಕಾರ ಪುಡಿ ಮ್ಯಾಲ ತೇಲಿಕೊಂಡು ನಿಂತು, ಆಮ್ಯಾಲ ನಿಧಾನಕ್ಕ ತಳಕ್ಕ ಕುಂತಿತು, ಗೆರಿ ಇಲ್ಲ. ಯಾಕಂದ್ರ ಮೆಣಸಿನಕಾಯಿ ಸ್ವಂತ ಬಣ್ಣ ನೀರಿಗೆ ಬಿಡಂಗಿಲ್ಲ, ಎಣ್ಣಿಗೆ ಬಿಡ್ತೈತಿ, ಒಗ್ಗರಣಿ ಹಾಕಿದ ಪ್ರತಿಯೊಬ್ರೂ ನೋಡಿರ್ತಾರ. ಆದ್ರ ಸುಡಾನ್ ಬಣ್ಣಾನೂ ಎಣ್ಣಿಗೇ ಕರಗೋದು, ಅದು ಈ ನೀರಿನ ಪರೀಕ್ಷೆಗೆ ಸಿಗಂಗಿಲ್ಲ. ಇದನ್ನ ಒಬ್ಬ ಹುಡುಗ ಕಾಮೆಂಟಿನ್ಯಾಗ ಬರದ, ಅಕ್ಕಾರು ಸಿಟ್ಟಾಗಲಿಲ್ಲ, ಖರೇ ಐತಿ ತಮ್ಮಾ ಅಂತ ಬರದು ಲ್ಯಾಬಿಗೆ ಸ್ಯಾಂಪಲ್ ಕಳಸಿ ರಿಪೋರ್ಟ್ ತರಿಸಿದ್ರು. ಈಗ ಆ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿ ಕೌಂಟರ್ ಹಿಂದ ನೇತು ಹಾಕ್ಯಾರ, ಹೊಸಾ ಹಂಗಾಮಿನ ಮಾಲು ಬಂದಾಗ ಹೊಸಾದು ಮಾಡಸ್ತಾರ. ನೀರಿನ ಗ್ಲಾಸ್ ಕೌಂಟರ್ ಮ್ಯಾಲ ಕಾಯಂ ಇರ್ತೈತಿ, ಯಾರು ಬೇಕಾದ್ರೂ ಉದುರಿಸಿ ನೋಡಬಹುದು. ನಾನೂ ನೋಡೀನಿ.

ಪ್ಯಾಕೆಟ್ ಪೂರಾ ಬದಲಾಗೇತಿ. ಮೊದಲು ತೆಳ್ಳನ ಪ್ಲಾಸ್ಟಿಕ್ ಕವರ್, ಬಿಸಿಲು ಬೀಳೋ ಜಾಗಾದಾಗ ಸಾಲಾಗಿ ಇಡ್ತಿದ್ರು, ಬಣ್ಣ ಹೋಗಲಾರ್ದ ಏನ್ ಮಾಡ್ತೈತಿ, ಬೆಳಕು ಬಿದ್ರ ಖಾರಪುಡಿ ಬಣ್ಣ ಮಸುಕಾಗೋದ. ಈಗ ಒಳಗ ಫಾಯಿಲ್ ಇರೋ ದಪ್ಪ ಪೌಚು, ಬಾಯಿಗೆ ಜಿಪ್ಪು, ಮ್ಯಾಲ ತಯಾರಿ ತಾರೀಖ, ತೂಕ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐದು 14 ಅಂಕಿ ನಂಬರು. ಮುಂದಿನ ಮಗ್ಗಲಿಗೆ ಒಂದು ಸ್ಟಿಕರು, "ಲಿಪ್‌ಸ್ಟಿಕ್ ಪುಡಿ ಅಂದ್ರಲ್ಲಾ, ಅದ ಇದು. ಬಣ್ಣ ಕಾಯಿದು, ನಮ್ಮದಲ್ಲ" ಅಂತ. ಮಗಳ ಐಡಿಯಾ ಅಂತ. ಸ್ಟಿಕರ್ ಹಚ್ಚಿದ ಪ್ಯಾಕೆಟ್‌ದು ಫೋಟೋ ಮಂದೀನ ಹಂಚಿಕೊಂಡ್ರು, ಬೆಂಗಳೂರು, ಪುಣೆದಾಗಿರೋ ನಮ್ಮ ಕಡೆಯವ್ರು ಆರ್ಡರ್ ಹಾಕಾಕ ಹತ್ತಿದ್ರು, ಈಗ ಕೌಂಟರ್‌ದಾಗ ನಿಂತ್ರ "ಅಕ್ಕಾರ, ಒಂದು ಲಿಪ್‌ಸ್ಟಿಕ್ ಕೊಡ್ರಿ" ಅಂತ ಕೇಳೋದು ಕಿವಿಗೆ ಬೀಳ್ತೈತಿ. ಕೊರಿಯರ್ ಚೀಲ ಕಟ್ಟಾಕ ಇಬ್ಬರು ಹೆಣ್ಣಮಕ್ಕಳನ್ನ ಕೆಲಸಕ್ಕ ತಗೊಂಡಾರ.

ಇದನ್ನ ಕೇಳಿದವ್ರು ಕೆಲವರು, ನೋಡು ಟ್ರೋಲ್ ಆಗಿದ್ದು ಚಲೋನ ಆತು, ಪುಕ್ಕಟೆ ಪಬ್ಲಿಸಿಟಿ ಅಂತಾರ. ನಾ ಒಪ್ಪಂಗಿಲ್ಲ. ಗದ್ದಲ ನಡದಾಗ ಒಂದು ಖಾನಾವಳಿಯವ್ರು ಆರ್ಡರ್ ನಿಲ್ಲಿಸಿದ್ರು, ಮಗಳು ಫೋನ್ ಬಾಜೂಕ ಇಟ್ಟು ಕಾಲೇಜಿಗೆ ಹೋಗೋದ ಬಿಟ್ಟಿದ್ಲು, ಅಕ್ಕಾರು ಅದನ್ನ ಹೇಳೋವಾಗ ಈಗಲೂ ದನಿ ಸಣ್ಣದಾಗ್ತೈತಿ. ಬೈಗಳ ಪುಕ್ಕಟೆ ಅಲ್ಲ, ಅದರ ರೊಕ್ಕ ಬೈಸಿಕೊಂಡವ್ರು ಕೊಟ್ಟಿರ್ತಾರ. ಮಾಲು ಖರೇ ಇತ್ತು, ಅದಕ್ಕ ಅವರು ನಿಂತ್ರು. ಕಲಬೆರಕಿ ಇದ್ದಿದ್ರ ಅದ ನೀರಿನ ಗ್ಲಾಸು, ಇಲ್ಲಾ ಆ ಲ್ಯಾಬ್ ರಿಪೋರ್ಟು ಅಂಗಡಿ ಮುಚ್ಚಸ್ತಿತ್ತು.

ಹೊಲಸು ಕಾಮೆಂಟಿಗೆ ಏನ್ ಮಾಡಿದ್ರಿ ಅಂತ ಕೇಳಿದೆ. ಇನ್‌ಸ್ಟಾಗ್ರಾಮ್‌ನ್ಯಾಗ ಬ್ಯಾಡಾದ ಶಬ್ದ ನಾವ ಪಟ್ಟಿ ಮಾಡಿ ಕೊಟ್ರ ಅವಿದ್ದ ಕಾಮೆಂಟ್ ತಾನ ಅಡಗ್ತಾವು, ಮಗಳು ನಮ್ಮ ಕಡೆ ಬೈಗಳೆಲ್ಲಾ ಕನ್ನಡ ಅಕ್ಷರದಾಗೂ ಇಂಗ್ಲಿಷ್ ಅಕ್ಷರದಾಗೂ ಬರದು ಹಾಕ್ಯಾಳ. ಬಾಳ ಕೆಟ್ಟದ್ದಿದ್ದು ಸ್ಕ್ರೀನ್‌ಶಾಟ್ ತಗದು ಇಟ್ಕೊಂಡಾರ, ಸೈಬರ್ ಕ್ರೈಮ್ ಪೋರ್ಟಲ್‌ದಾಗ ದೂರು ಕೊಟ್ಟಾರ. ಅಂಥವಕ್ಕ ಉತ್ತರ ಕೊಡಂಗಿಲ್ಲ, ಅದರ ಮ್ಯಾಲ ರೀಲೂ ಮಾಡಂಗಿಲ್ಲ. ಟ್ರೋಲ್ ಮಾಡಿದವ್ರ ಹೆಸರು ಹಿಡದು ತಿರುಗಿ ಆಡಿಕೊಂಡ್ರ ವ್ಯೂಸ್ ಇನ್ನೂ ಜಾಸ್ತಿ ಬರ್ತಿದ್ವು ಅಂತ ಎಷ್ಟೋ ಮಂದಿ ಹೇಳಿದ್ರಂತ, ಅಕ್ಕಾರು ಕೇಳಲಿಲ್ಲ. ಅವರ ಮ್ಯಾಲ ನನಗ ಮರ್ಯಾದಿ ಹೆಚ್ಚಾಗಿದ್ದು ಅಲ್ಲಿ.

ಇನ್ನ ಮಾಲಿನ ಮಾತು. ಖಾರಪುಡಿ ಕಾಲ್ ಕೆಜಿ 180 ರೂಪಾಯಿ, ಬಜಾರದಾಗ ಸಿಗೋ ಲೂಸ್ ಪುಡಿಗಿಂತ ತುಟ್ಟಿ, ಆದ್ರ ತೊಟ್ಟು ತಗದು ಕುಟ್ಟಿದ್ದು. ಝುಣಕಕ್ಕ ಹಾಕಿದ್ರ ಕೆಂಪು ಪೂರಾ ಏಳ್ತೈತಿ, ನಾಲಿಗಿ ಸುಡಂಗಿಲ್ಲ. ಖಾರ ಬೇಕನ್ನವ್ರು ಗುಂಟೂರು ಕಾಯಿ ಬೆರಸಿದ್ದು ಕೇಳ್ರಿ, ಬ್ಯಾರೆ ಪ್ಯಾಕೆಟ್ ಐತಿ, ಬೆರಸೀವಿ ಅಂತ ಮ್ಯಾಲ ಬರದಾರ. ಮಸಾಲಿ ಖಾರದಾಗ ಒಣಕೊಬ್ಬರಿ, ಬಳ್ಳೊಳ್ಳಿ, ಹುರದ ಉಳ್ಳಾಗಡ್ಡಿ ಹದವಾಗಿ ಬಿದ್ದಾವು, ಎಣಗಾಯಿ ಬದನಿಕಾಯಿಗೆ ಬ್ಯಾರೆ ಏನೂ ಹಾಕೋದು ಬ್ಯಾಡ. ಗುರೆಳ್ಳು ಚಟ್ನಿ ಕಡಕ್ ರೊಟ್ಟಿ, ಗಟ್ಟಿ ಮೊಸರ ಜೋಡಿ ತಿನ್ರಿ. ಶೇಂಗಾ ಚಟ್ನಿ ಸಾಧಾರಣ, ಅದನ್ನ ಇವರಿಗಿಂತ ಚಲೋ ಮಾಡವ್ರು ಊರಾಗ ಅದಾರ. ರಂಜಕದ ಉಪ್ಪಿನ ಬಗ್ಗೆ ಮುಖಕ್ಕ ಹೇಳಿ ಬಂದೀನಿ, ಅದನ್ನೂ ನೋಟ್‌ಬುಕ್ಕಿನ್ಯಾಗ ಬರ್ಕೊಂಡ್ರು.

ಕಿರಿಕಿರಿ ಇಲ್ಲ ಅಂತಲ್ಲ. ಸಂಜೀಮುಂದ ರೀಲ್ ನೋಡಿ ಬಂದವ್ರು ಸೆಲ್ಫಿ, ವಿಡಿಯೋ ಅಂತ ನಿಂತು ಬಿಡ್ತಾರ, ಹಳೇ ಗಿರಾಕಿ ಕೈಯಾಗ ರೊಕ್ಕ ಹಿಡ್ಕೊಂಡು ಕಾಯಬೇಕು. ಇದಕ್ಕ ಏನರ ವ್ಯವಸ್ಥೆ ಮಾಡಲೇಬೇಕು. ಕೊರಿಯರ್ ಚಾರ್ಜೂ ಜಾಸ್ತಿ, ಕಾಲ್ ಕೆಜಿ ತರಿಸಿದ್ರ ಲುಕ್ಸಾನ, ನಾಕು ಮನಿಯವ್ರು ಕೂಡಿ ತರಿಸಿಕೊಳ್ರಿ. ಗೂಗಲ್‌ನ್ಯಾಗ ಆ ಒಂದು ಸ್ಟಾರ್‌ಗಳು ಇನ್ನೂ ಕೆಲವು ಹಂಗ ಅದಾವು, ಅವರು ಕೊಟ್ಟ ಉತ್ತರಾನೂ ಕೆಳಗ ಐತಿ, ಎರಡೂ ಓದ್ರಿ.

ವರ್ಷದ ಖಾರ ಮಾಡಿಸೋ ಮನಿಯವ್ರು ಹೊಸಾ ಕಾಯಿ ಬರೋ ಹಂಗಾಮ, ಅಂದ್ರ ಜನವರಿಯಿಂದ ಮಾರ್ಚ್ ಒಳಗ ಹೋಗ್ರಿ, ಮುಂಜಾನೆ ಹೋದ್ರ ನೂಕಾಟ ಇರಂಗಿಲ್ಲ. ಕಾಯಿ ನಾವ ಆರಿಸಿ ಕೊಟ್ರೂ ಎದುರಿಗೆ ಕುಟ್ಟಿ ಕೊಡ್ತಾರ, ಮಸಾಲಿ ಸಾಮಾನು ಹುರದು ಒಯ್ದಿರಬೇಕು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಜೋಡಿ ತಗೊಂಡು ಹೋಗ್ರಿ.