ಎಸಿಎಂ-ಡಬ್ಲ್ಯು ಪ್ರಯಾಣ ನೆರವು: ಪೇಪರ್ ಬೇಡ, ಆದರೆ ವೀಸಾಕ್ಕೆ ಸಮಯ ಸಾಲದು

ಕಂಪ್ಯೂಟರ್ ಸೈನ್ಸ್ ಓದುವ ವಿದ್ಯಾರ್ಥಿನಿಯರು ಸಂಶೋಧನಾ ಸಮ್ಮೇಳನಗಳಿಗೆ ಹೋಗಿಬರಲೆಂದು ಎಸಿಎಂ-ಡಬ್ಲ್ಯು (ಎಸಿಎಂ ಎಂಬ ಅಂತರರಾಷ್ಟ್ರೀಯ ಕಂಪ್ಯೂಟಿಂಗ್ ಸಂಘದ ಮಹಿಳಾ ವಿಭಾಗ) ಕೊಡುವ ಸ್ಕಾಲರ್‌ಶಿಪ್‌ನ ದೊಡ್ಡ ಗುಣವೆಂದರೆ, ಸಮ್ಮೇಳನದಲ್ಲಿ ನಿಮ್ಮ ಪೇಪರ್ (ಸಂಶೋಧನಾ ಪ್ರಬಂಧ) ಇರಲೇಬೇಕೆಂದಿಲ್ಲ. ಬಿ.ಇ. ಓದುತ್ತಿರುವವರೂ ಅರ್ಜಿ ಹಾಕಬಹುದು. ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿ ಎಸ್‌ಇಆರ್‌ಬಿ ನಡೆಸುತ್ತಿದ್ದ ಐಟಿಎಸ್ (ವಿದೇಶ ಪ್ರಯಾಣ ನೆರವು) ಯೋಜನೆಯಂಥವು ಪೇಪರ್ ಮಂಡಿಸುವವರಿಗೆ. ಪೇಪರ್ ಕೈಯಲ್ಲಿರುವ ಪಿಎಚ್.ಡಿ. ವಿದ್ಯಾರ್ಥಿನಿಯರು ಮೊದಲು ಆ ಕಡೆಯೇ ನೋಡುವುದು ಲೇಸು.

ಮೊತ್ತ ಎರಡೇ ಬಗೆ. ಸಮ್ಮೇಳನ ನಿಮ್ಮ ಖಂಡದಲ್ಲೇ ಇದ್ದರೆ 600 ಡಾಲರ್, ಬೇರೆ ಖಂಡದಲ್ಲಿದ್ದರೆ 1,200. ಡಾಲರಿಗೆ 85 ರೂಪಾಯಿ ಹಿಡಿದರೆ 51 ಸಾವಿರ ಮತ್ತು 1 ಲಕ್ಷದ 2 ಸಾವಿರ. ಈ ಲೆಕ್ಕ ಏಷ್ಯಾದವರಿಗೆ ಅಷ್ಟೇನೂ ನ್ಯಾಯವಲ್ಲ. ಬೆಂಗಳೂರಿನಿಂದ ಟೋಕಿಯೋಗೆ ಹೋದರೂ ನಕ್ಷೆಯ ಪ್ರಕಾರ ಅದೇ ಖಂಡ, ಸಿಗುವುದು 600. ಸಿಂಗಪುರಕ್ಕಾದರೆ ಟಿಕೆಟ್ ಕಳೆದು ಒಂದಿಷ್ಟು ಉಳಿದೀತು. ಟೋಕಿಯೋಗೆ ಕೈಯಿಂದ ಹಾಕಬೇಕು. ಇದನ್ನು ಸ್ವಲ್ಪ ಸರಿದೂಗಿಸುವುದು ನೋಂದಣಿ: ಎಸಿಎಂನ ಕೆಲವು ಸಿಗ್‌ಗಳು (ಒಂದೊಂದು ವಿಷಯದ ವಿಶೇಷ ಆಸಕ್ತಿ ಗುಂಪುಗಳು) ಆಯ್ಕೆಯಾದವರಿಗೆ ಶುಲ್ಕ ಮನ್ನಾ ಮಾಡಿ, ಸಮ್ಮೇಳನದಲ್ಲಿ ಜೊತೆಗೊಬ್ಬ ಮೆಂಟರ್‌ನನ್ನೂ ಒದಗಿಸುತ್ತವೆ. ಹಾಗಾಗಿ ಫಲಿತಾಂಶ ಬರುವ ಮೊದಲೇ ನೋಂದಣಿ ಹಣ ಕಟ್ಟಿಬಿಡಬೇಡಿ. ಅರ್ಲಿ ಬರ್ಡ್ (ರಿಯಾಯಿತಿ ಶುಲ್ಕದ) ಗಡುವು ಹತ್ತಿರವಾಗಿದ್ದರೆ ಸಂಘಟಕರಿಗೆ ಒಂದು ಮೇಲ್ ಹಾಕಿ ಕೇಳಿ.

ತೊಡಕೆಲ್ಲ ಇರುವುದು ದಿನಗಳ ಲೆಕ್ಕದಲ್ಲಿ. ವರ್ಷಕ್ಕೆ ಆರು ಸುತ್ತು, ಪ್ರತಿ ಸುತ್ತಿಗೆ ಗೊತ್ತುಪಡಿಸಿದ ಎರಡು ತಿಂಗಳ ಅವಧಿಯಲ್ಲಿ ನಡೆಯುವ ಸಮ್ಮೇಳನಗಳು. ಸುತ್ತು ತಪ್ಪಿದರೆ ಆ ಸಮ್ಮೇಳನಕ್ಕೆ ಇನ್ನೊಂದು ಅವಕಾಶವಿಲ್ಲ. ಅರ್ಜಿ ಹಾಕಿ, ಫಲಿತಾಂಶ ಬಂದ ಮೇಲೆ ಉಳಿಯುವ ಸಮಯ ಅಮೆರಿಕದಲ್ಲೇ ಇರುವ ಹುಡುಗಿಗೆ ಧಾರಾಳ, ನಮ್ಮವರಿಗೆ ಬಿಗಿ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಅರ್ಜಿ ಕೊಟ್ಟ ಮೇಲೇ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್‌ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗುವ ತಡ ಬೇರೆ. ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಯುವ ಕಾಲವನ್ನಂತೂ ಕೇಳಲೇಬೇಡಿ. ಆದ್ದರಿಂದ ಸುತ್ತಿನ ಮೊದಲ ತಿಂಗಳಿನ ಸಮ್ಮೇಳನಕ್ಕಿಂತ ಎರಡನೆಯ ತಿಂಗಳಿನದನ್ನು ಆರಿಸಿಕೊಳ್ಳಿ, ಒಂದು ತಿಂಗಳು ಸುಮ್ಮನೆ ಸಿಕ್ಕಂತೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಕೊಡಬಹುದು. ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ. ನೆರವು ಸಿಗದಿದ್ದರೆ ಆ 90 ಯೂರೋ ಹೋದಂತೆಯೇ, ಆದರೂ ಕಾದು ಕೂರುವುದಕ್ಕಿಂತ ಅದೇ ಅಗ್ಗ.

ಅರ್ಜಿಗೆ ಗೈಡ್ ಅಥವಾ ಅಧ್ಯಾಪಕರ ಬೆಂಬಲ ಪತ್ರ ಬೇಕು. ಕೊನೆಯ ದಿನ ಕೇಳಿದರೆ "ಶ್ರದ್ಧೆಯುಳ್ಳ ವಿದ್ಯಾರ್ಥಿನಿ" ಎಂಬ ಒಂದು ಸಾಲಷ್ಟೇ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಸಮ್ಮೇಳನದ ಯಾವ ವರ್ಕ್‌ಶಾಪ್ ನಿಮ್ಮ ಪ್ರಾಜೆಕ್ಟಿಗೆ ಹೇಗೆ ಹೊಂದುತ್ತದೆ ಎಂದು ಅರ್ಧ ಪುಟ ಬರೆದು ಅವರಿಗೇ ಮೊದಲು ಕೊಡಿ.

ಹಣ ಕೈಗೆ ಬರುವ ಮೊದಲೇ ಟಿಕೆಟ್ ತೆಗೆಸಬೇಕಾದೀತೆಂದು ಮನೆಯಲ್ಲಿ ಮೊದಲೇ ಹೇಳಿಡಿ. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಕರೆನ್ಸಿ ಪಾವತಿಸಿದರೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ), ಅದರ ಮೇಲೆ ಜಿಎಸ್‌ಟಿ. ಹೊರಗಿನಿಂದ ಬರುವ ಡಾಲರಿನಲ್ಲೂ ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳಬಹುದು. ಬ್ಯಾಂಕ್ ಖಾತೆಯ ಹೆಸರು, ಪಾಸ್‌ಪೋರ್ಟಿನ ಹೆಸರು ಒಂದೇ ಇರಲಿ. ಇನಿಷಿಯಲ್ ಬಿಡಿಸಿ ಬರೆಯುವ ನಮ್ಮ ಪದ್ಧತಿಯಿಂದ ಇಲ್ಲೇ ಹೆಚ್ಚು ತಕರಾರು.

ಮಗುವನ್ನು ಜೊತೆಗೆ ಕರೆದೊಯ್ಯಬೇಕಾದ ತಾಯಂದಿರಿಗೆ ಈ ನಿಗದಿತ ಮೊತ್ತ ಸಾಲದು. ಸಮ್ಮೇಳನ ಸಿಗ್‌ಪ್ಲಾನ್‌ನದಾಗಿದ್ದರೆ (ಪ್ರೋಗ್ರಾಮಿಂಗ್ ಭಾಷೆಗಳ ಸಿಗ್) ಅದರ ಪಿಎಸಿ ಎಂಬ ಪ್ರಯಾಣ ನೆರವಿನ ನಿಧಿಗೂ ಅರ್ಜಿ ಹಾಕಿ, ಅಲ್ಲಿ ಮಗುವಿನ ಆರೈಕೆಯ ಖರ್ಚಿಗೂ ನೆರವು ಕೇಳಬಹುದು.