ಮೂರು ವರ್ಷ ಐಪಿ ಫೋನ್ ಸಿಸ್ಟಂ ಬಳಸಿದ ಮೇಲೆ: ಮಾತಿಗೆ ಚೆನ್ನಾಗಿದೆ, ಫ್ಯಾಕ್ಸ್‌ಗೆ ತುಂಬಾ ದುಡಿಯಬೇಕು

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಡೆಸುವ ಮಷೀನ್‌ಗಳಲ್ಲಿ ಬಿಡಿಭಾಗ ಮಾಡುವ ಕಡೆ) ಇದೆ. ಹದಿನಾಲ್ಕು ಜನ ಕೆಲಸ ಮಾಡುತ್ತೇವೆ. ಪಿಓ (ಖರೀದಿ ಆರ್ಡರ್), ಬಿಲ್, ಡಿಸ್ಪ್ಯಾಚ್ ನೋಡಿಕೊಳ್ಳುವುದು ನಾನು. ಫೋನು, ನೆಟ್ಟು ಕೂಡ ನನ್ನ ಪಾಲಿಗೇ ಬಂದಿವೆ. 2022ರ ಜೂನ್‌ನಲ್ಲಿ ಹಳೆಯ ತಾಮ್ರದ ಲೈನ್ ಬಿಟ್ಟು ಐಪಿ ಪಿಬಿಎಕ್ಸ್, ಅಂದರೆ ನೆಟ್ ಮೇಲೆ ನಡೆಯುವ ಆಫೀಸ್ ಫೋನ್ ಎಕ್ಸ್‌ಚೇಂಜ್, ಹಾಕಿಸಿದೆವು. ಮಳೆಗಾಲ ಬಂತೆಂದರೆ ನಮ್ಮ ರಸ್ತೆಯಲ್ಲಿ ಎಲ್ಲಾದರೂ ಒಂದು ಕಡೆ ಅಗೆಯುತ್ತಿದ್ದರು, ಕೇಬಲ್ ತುಂಡಾಗುತ್ತಿತ್ತು, ವಾರಗಟ್ಟಲೆ ಫೋನ್ ಸತ್ತಿರುತ್ತಿತ್ತು. ಹಾಗಾಗಿ ಫೈಬರ್ ಮೇಲೆ ಎಸ್‌ಐಪಿ ಟ್ರಂಕ್ (ನೆಟ್ ಮೂಲಕ ಬರುವ ಹೊರಗಿನ ಫೋನ್ ಲೈನ್), ಎಂಟು ಡೆಸ್ಕ್ ಫೋನ್, ಫ್ಯಾಕ್ಸ್‌ಗೆ ಅಂತ ಹಳೆಯ ಮಾದರಿ ಫೋನ್ ತಂತಿ ಸಿಕ್ಕಿಸುವ ಒಂದು ಅನಲಾಗ್ ಪೋರ್ಟ್ ತೆಗೆದುಕೊಂಡೆವು.

ಮಾತಾಡುವುದಕ್ಕೆ ಈ ಸಿಸ್ಟಂ ನಿಜವಾಗಿಯೂ ಚೆನ್ನಾಗಿದೆ. ಧ್ವನಿ ಸ್ವಚ್ಛ. ಶಾಪ್ ಫ್ಲೋರ್‌ನಿಂದ ಆಫೀಸಿಗೆ ಕರೆ ವರ್ಗಾಯಿಸುವುದು ಸುಲಭ. ಓನರ್ ಊರಲ್ಲಿ ಇಲ್ಲದಿದ್ದಾಗ ಅವರ ಮೊಬೈಲಿಗೇ ಎಕ್ಸ್‌ಟೆನ್ಷನ್ ಬರುತ್ತದೆ. ಇದರ ಬಗ್ಗೆ ನನಗೆ ದೂರಿಲ್ಲ. ಮುಂದಿನದೆಲ್ಲ ಫ್ಯಾಕ್ಸ್ ಬಗ್ಗೆ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನಮಗೆ ಬಂದ ತೊಂದರೆ ಯಾವ ಬ್ರಾಂಡ್‌ನಲ್ಲಾದರೂ ಬರಬಹುದಾದದ್ದು.

ಈ ಕಾಲದಲ್ಲಿ ಫ್ಯಾಕ್ಸ್ ಯಾಕೆ ಅಂತ ಕೇಳುವವರು ಇರುತ್ತಾರೆ. ನಮ್ಮ ಗ್ರಾಹಕರಲ್ಲಿ ಒಬ್ಬರು ಜಪಾನಿನವರು. ಅವರ ಆರ್ಡರ್, ತಿದ್ದಿದ ಡ್ರಾಯಿಂಗ್, ಎಲ್ಲವೂ ಸೀಲು ಹಾಕಿದ ಕಾಗದದಲ್ಲಿ ಫ್ಯಾಕ್ಸ್ ಆಗಿಯೇ ಬರುತ್ತದೆ. ನಮ್ಮ ತಪಾಸಣೆ ವರದಿಯೂ ಸಹಿಯೊಂದಿಗೆ ಫ್ಯಾಕ್ಸ್‌ನಲ್ಲೇ ಹೋಗಬೇಕು. ಅದು ಅವರ ಪದ್ಧತಿ. ನಮ್ಮ ವಹಿವಾಟಿನ ಮೂರನೇ ಒಂದು ಭಾಗ ಅವರದ್ದು. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ 5.30. ಅಲ್ಲಿ ಸಂಜೆ 5.30 ಅಂದರೆ ನಮಗೆ ಮಧ್ಯಾಹ್ನ 2. ಈ ಸಮಯದ ಲೆಕ್ಕ ಆಮೇಲೆ ತುಂಬಾ ಮುಖ್ಯವಾಯಿತು.

ಮೊದಲ ಎರಡು ತಿಂಗಳು ಕೆಲವು ಫ್ಯಾಕ್ಸ್ ಹೋದವು, ಕೆಲವು ಹೋಗಲಿಲ್ಲ. ಹಾಕಿಕೊಟ್ಟ ಹುಡುಗ ಬಂದು ನೋಡಿ, "ಸಾರ್, ಕರೆ ಹೋಗ್ತಿದೆ, ಟೋನ್ ಕೇಳಿಸ್ತಿದೆ, ನಮ್ಮ ಕಡೆ ಏನೂ ಇಲ್ಲ. ನಿಮ್ಮ ಮಷೀನೇ ಹಳೇದು," ಅಂದ. ಅವನ ಮಾತು ನಂಬಿ ಹೊಸ ಫ್ಯಾಕ್ಸ್ ಮಷೀನ್ ತಂದೆವು. ತೊಂದರೆ ಹಾಗೇ ಉಳಿಯಿತು. ಆಗಸ್ಟ್‌ನಲ್ಲಿ ಒಂದು ಆರ್ಡರ್ ಎರಡು ಪುಟ ಬಂತು. ಎರಡೂ ಪೂರ್ತಿ, ಸ್ವಚ್ಛವಾಗಿದ್ದವು. ನಾವು ಎರಡೇ ಪುಟದ ಆರ್ಡರ್ ಅಂದುಕೊಂಡೆವು. ಅದು ನಾಲ್ಕು ಪುಟದ್ದು. ಮೂರನೇ ಪುಟದಲ್ಲಿ ಒಂದು ರಂಧ್ರದ ಅಳತೆ ಬದಲಾಗಿತ್ತು. 200 ಪೀಸ್ ಹಳೆಯ ಅಳತೆಯಲ್ಲಿ ಮಾಡಿಬಿಟ್ಟಿದ್ದೆವು. ಅವನ್ನೆಲ್ಲ ಸ್ಕ್ರ್ಯಾಪ್‌ಗೆ ಹಾಕುವಾಗ ಮಷೀನ್ ಮೇಲೆ ಎರಡು ಶಿಫ್ಟ್ ನಿಂತಿದ್ದ ಹುಡುಗರ ಮುಖ ನೋಡಲು ಆಗಲಿಲ್ಲ. ಅವತ್ತು ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಫ್ಯಾಕ್ಸಿಗೂ ಒಂದು ಸಾಲು: ಗಂಟೆ, ಬಂದದ್ದೋ ಹೋದದ್ದೋ, ಎಷ್ಟು ಪುಟ, ಎಲ್ಲಿ ನಿಂತಿತು, ಮಷೀನ್ ತೋರಿಸಿದ ವೇಗ ಎಷ್ಟು.

ಆರು ವಾರ ಬರೆದ ಮೇಲೆ ಗೊತ್ತಾಯಿತು, ನಮ್ಮದು ಒಂದು ತೊಂದರೆ ಅಲ್ಲ, ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ ಅಂತ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ಪ್ರತಿ ಸಲವೂ ಒಂದು ಸೆಟ್ಟಿಂಗ್ ಬದಲಿಸುತ್ತಿದ್ದರು. ಒಂದು ಸರಿಹೋದರೂ ಉಳಿದವು ಇರುತ್ತಿದ್ದರಿಂದ, ಸರಿಹೋದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೊದಲು ನಾವು ಕಳಿಸುವ ಫ್ಯಾಕ್ಸ್. ಟ್ರಂಕ್‌ನಲ್ಲಿ ಜಿ.729 ಎಂಬ ಕೋಡೆಕ್ (ಸದ್ದನ್ನು ಡೇಟಾ ಮಾಡುವ ವಿಧಾನ) ಮೊದಲ ಆಯ್ಕೆಯಾಗಿತ್ತು. ಅದು ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಹಿಂಡುತ್ತದೆ. ಮನುಷ್ಯರ ದನಿಗೆ ಅಂತಲೇ ಮಾಡಿದ್ದು ಅದು, ಫ್ಯಾಕ್ಸ್‌ನ ಕೀಚಲು ಟೋನ್ ಅದರಲ್ಲಿ ಉಳಿಯುವುದಿಲ್ಲ. ಫ್ಯಾಕ್ಸ್‌ಗೆ ಬೇಕಾದದ್ದು ಜಿ.711. ಅದು 64 ಕಿಲೋಬಿಟ್, ಜಿ.729ರ ಹಾಗೆ ಹಿಂಡುವುದಿಲ್ಲ. ನಮ್ಮ ದೇಶದಲ್ಲಿ ಅದರ ಎ-ಲಾ ರೂಪ ನಡೆಯುತ್ತದೆ. ಫ್ಯಾಕ್ಸ್ ಎಕ್ಸ್‌ಟೆನ್ಷನ್‌ಗೆ ಜಿ.711 ಎ-ಲಾ ಮಾತ್ರ ಇರಲಿ, ಬೇರೇನೂ ಬೇಡ ಅಂತ ಹಠ ಹಿಡಿದು ಹಾಕಿಸಿದೆ. ಮಾತಿನ ನಡುವೆ ಮೌನ ಬಂದಾಗ ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಸದ್ದಿನ ಚಿಕ್ಕ ತುಣುಕು) ನಿಲ್ಲಿಸುವ ಸೆಟ್ಟಿಂಗ್ ತೆಗೆಸಿದೆ. ಕಾಲ್ ರೆಕಾರ್ಡಿಂಗನ್ನೂ ಆ ಎಕ್ಸ್‌ಟೆನ್ಷನ್‌ಗೆ ಮಾತ್ರ ನಿಲ್ಲಿಸಿದೆ. ಇಷ್ಟಕ್ಕೇ ಕಳಿಸುವ ಫ್ಯಾಕ್ಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಾಟತೊಡಗಿದವು.

ಉಳಿದವು ಪುಟದ ಮಧ್ಯೆ ನಿಲ್ಲುತ್ತಿದ್ದವು. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಕರೆ ಸೇರಿದಾಗ ಎರಡು ಮಷೀನ್‌ಗಳು ಮೊದಲು ಮಾತಾಡಿಕೊಳ್ಳುವುದು ಸೆಕೆಂಡಿಗೆ 300 ಬಿಟ್ ವೇಗದಲ್ಲಿ. ಅಷ್ಟು ನಿಧಾನದ ಮಾತು ಕೆಟ್ಟ ಲೈನಿನಲ್ಲೂ ದಾಟುತ್ತದೆ. ಪುಟದ ಚಿತ್ರ ಹೋಗುವಾಗ ವೇಗ 14,400ಕ್ಕೆ ಏರುತ್ತದೆ. ಹೊಸ ಮಷೀನ್‌ಗಳಲ್ಲಿ ವಿ.34 ಎಂಬ ಇನ್ನೂ ವೇಗದ ವಿಧಾನ ಇದ್ದರೆ 33,600. "ಟೋನ್ ಕೇಳಿಸ್ತಿದೆ" ಅಂತ ಆ ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನೆಟ್‌ನಲ್ಲಿ ಹೋಗುವ ಪ್ರತಿ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡ್ ಸದ್ದು ಇರುತ್ತದೆ. ಒಂದು ಪ್ಯಾಕೆಟ್ ಬಿದ್ದುಹೋದರೆ 9,600 ವೇಗದಲ್ಲಿ 192 ಬಿಟ್ ಹೋಗುತ್ತದೆ, 33,600ರಲ್ಲಿ 672. ಮಾತಿನಲ್ಲಿ ಅಷ್ಟು ಹೋದರೆ ನಮ್ಮ ಕಿವಿಗೆ ತಿಳಿಯುವುದೂ ಇಲ್ಲ. ಫ್ಯಾಕ್ಸ್‌ನಲ್ಲಿ ಎರಡು ಕಡೆಯ ಮಷೀನ್‌ಗಳ ಹೊಂದಾಣಿಕೆಯೇ ತಪ್ಪಬಹುದು.

ಅದಕ್ಕೆ ವಿ.34 ಆಫ್ ಮಾಡಿ, ವೇಗವನ್ನು 9,600ಕ್ಕೆ ಇಳಿಸಿದೆ. ಪುಟಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಆದರೆ ಹೋಗುತ್ತದೆ.

ಇಸಿಎಂ ಬಗ್ಗೆ ನನ್ನ ಅಭಿಪ್ರಾಯ ಎಲ್ಲರದಕ್ಕಿಂತ ಬೇರೆ. ಇದು ತಪ್ಪು ತಿದ್ದುವ ವ್ಯವಸ್ಥೆ. ಕೆಟ್ಟುಹೋದ ತುಣುಕುಗಳನ್ನು ಮಾತ್ರ ಆ ಕಡೆಯ ಮಷೀನ್ ಮತ್ತೆ ಕೇಳಿ ಪಡೆಯುತ್ತದೆ. ಐಪಿ ಲೈನಿನಲ್ಲಿ ಫ್ಯಾಕ್ಸ್ ಹೋಗುತ್ತಿಲ್ಲ ಅಂದರೆ ಬಹಳ ಜನ ಮೊದಲು ಕೊಡುವ ಸಲಹೆ, ಇಸಿಎಂ ಆಫ್ ಮಾಡಿ. ನಮ್ಮ ಕಸ್ಟಮರ್ ಕೇರ್‌ನವರೂ ಅದನ್ನೇ ಹೇಳಿದರು. ಆಫ್ ಮಾಡಿದರೆ ಫ್ಯಾಕ್ಸ್ ಹೋಗುವುದೂ ನಿಜ. ಕಾರಣ ಏನೆಂದರೆ, ಇಸಿಎಂ ಇಲ್ಲದೆ ವಿ.34 ನಡೆಯುವುದಿಲ್ಲ. ಆಫ್ ಮಾಡಿದ ತಕ್ಷಣ ವೇಗ ತಾನಾಗಿಯೇ 14,400ಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಇನ್ನೊಂದು, ಕೆಟ್ಟ ಸಾಲುಗಳನ್ನು ಮಷೀನ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ವರದಿಯಲ್ಲಿ "ಓಕೆ" ಅಂತ ಬರುತ್ತದೆ, ಕಾಗದದಲ್ಲಿ ಸಾಲು ಇರುವುದಿಲ್ಲ. ಪತ್ರವಾದರೆ ಓದಿಕೊಳ್ಳಬಹುದು. ನಮ್ಮದು ಡ್ರಾಯಿಂಗ್. 0.05 ಎಂಬ ಟಾಲರೆನ್ಸ್‌ನಲ್ಲಿ (ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿ) ಚುಕ್ಕಿ ಹೋದರೆ, 8ರ ಒಂದು ಪಕ್ಕ ಹೋಗಿ 3 ಆದರೆ ಏನು ಗತಿ? ವೇಗ ಬೇರೆಯಾಗಿ ಇಳಿಸಿ, ಇಸಿಎಂ ಉಳಿಸಿಕೊಳ್ಳಿ. ಅಳತೆ, ಔಷಧದ ಪ್ರಮಾಣ, ಹಣದ ಅಂಕಿ, ಇಂಥದ್ದನ್ನು ಕಳಿಸುವವರು ದಯವಿಟ್ಟು ಆಫ್ ಮಾಡಬೇಡಿ. ಕೆಲವು ಮಷೀನ್‌ಗಳಲ್ಲಿ ಐಪಿ ಲೈನಿಗೆ ಅಂತ ಒಂದು ಬೇಸಿಕ್ ಮೋಡ್ ಇರುತ್ತದೆ. ಅದು ವೇಗದ ಜೊತೆಗೆ ಇಸಿಎಂ ಅನ್ನೂ ತೆಗೆದುಬಿಡಬಹುದು, ಮ್ಯಾನ್ಯುವಲ್ ನೋಡಿಕೊಂಡು ಹಾಕಿ.

ಇನ್ನು ನಮಗೆ ಬರುವ ಫ್ಯಾಕ್ಸ್. ಇದು ತಲೆ ಕೆಡಿಸಿತು. ನೋಟ್‌ಬುಕ್ ಪ್ರಕಾರ ಬೆಳಿಗ್ಗೆ 8ರ ಒಳಗೆ ಬಂದವೇ ಹೆಚ್ಚು ಕೆಡುತ್ತಿದ್ದವು. 9ರ ಮೇಲೆ ಬಂದವು ಬಹುತೇಕ ಸರಿ. ಮತ್ತೆ, ಪುಟ ಅರ್ಧಕ್ಕೆ ತುಂಡಾಗುತ್ತಿರಲಿಲ್ಲ. ಒಂದೋ ಎರಡೋ ಪುಟ ಪೂರ್ತಿ ಬಂದು, ಆಮೇಲೆ ಕರೆ ಕಟ್. ಸ್ಕ್ರ್ಯಾಪ್ ಆದ ಆರ್ಡರ್ ಕೂಡ ಹೀಗೇ ಬಂದಿತ್ತು.

ಆಫೀಸ್ ಖಾಲಿ ಇರುವಾಗ ಯಾಕೆ ಕೆಡಬೇಕು ಅಂತ ಎಷ್ಟೋ ದಿನ ಯೋಚಿಸಿದೆ. ಉತ್ತರ ಸಿಕ್ಕಿದ್ದು ಅಕೌಂಟ್ಸ್ ಮೇಡಂ ಮಾತಿನಿಂದ. "ಬೆಳಿಗ್ಗೆ ಬೇಗ ಬಂದ್ರೆ ಜಿಎಸ್‌ಟಿ ಫೈಲ್ ಅಪ್‌ಲೋಡೇ ಆಗಲ್ಲ ಸಾರ್, ಎಂಟು ಗಂಟೆ ಆದ್ಮೇಲೇ ಆಗೋದು," ಅಂದರು. ನಮ್ಮ ಡ್ರಾಯಿಂಗ್ ಫೈಲ್‌ಗಳು, ಸಿಸಿಟಿವಿ ರೆಕಾರ್ಡಿಂಗ್ ಎಲ್ಲ ರಾತ್ರಿ 2ಕ್ಕೆ ಕ್ಲೌಡ್‌ಗೆ ಬ್ಯಾಕಪ್ ಹೋಗಲು ಶುರುವಾಗುತ್ತಿತ್ತು. ಮುಗಿಯುವುದು ಬೆಳಿಗ್ಗೆ 8ರ ಹೊತ್ತಿಗೆ. ಅಷ್ಟು ಹೊತ್ತೂ ಅಪ್‌ಲೋಡ್ ದಾರಿ ತುಂಬಿರುತ್ತಿತ್ತು. ಬರುವ ಪುಟ ಡೌನ್‌ಲೋಡ್ ದಾರಿಯಲ್ಲಿ ಸರಿಯಾಗಿಯೇ ಬರುತ್ತಿತ್ತು. ಆದರೆ ಪ್ರತಿ ಪುಟ ಮುಗಿದ ಮೇಲೆ ನಮ್ಮ ಮಷೀನ್ "ಬಂತು" ಅಂತ ಉತ್ತರ ಕೊಡಬೇಕು. ಆ ಉತ್ತರ ಬ್ಯಾಕಪ್‌ನ ಹಿಂದೆ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಳಿಸುವ ಮಷೀನ್ ಮೂರು ಸಲ ಕೇಳುತ್ತದೆ. ಉತ್ತರ ಬರದಿದ್ದರೆ ಕರೆ ಮುಗಿಸುತ್ತದೆ. ಪುಟ ಪೂರ್ತಿ ಬಂದು ಕಟ್ ಆಗುವುದು ಇದಕ್ಕೇ.

ಬ್ಯಾಕಪ್ ಅನ್ನು ರಾತ್ರಿ 8ಕ್ಕೆ ಬದಲಿಸಿದೆ, ಅದರ ವೇಗಕ್ಕೆ ಮಿತಿ ಹಾಕಿದೆ, ರೂಟರ್‌ನಲ್ಲಿ ಫೋನ್ ಪ್ಯಾಕೆಟ್‌ಗಳಿಗೆ ಮೊದಲ ಸ್ಥಾನ ಕೊಟ್ಟೆ. ಖರ್ಚು ಒಂದು ರೂಪಾಯಿ ಇಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಟ್ರೇಯಲ್ಲಿ ಏಳು ಪುಟದ ಆರ್ಡರ್ ಪೂರ್ತಿ ಬಂದು ಬಿದ್ದಿತ್ತು. ಪುಟ ಎಣಿಸುವಾಗ ನನಗಾದ ಸಂತೋಷ ಹೇಳಲು ಬರುವುದಿಲ್ಲ.

ಚಿಕ್ಕವು ಇನ್ನೂ ಇದ್ದವು. ಫ್ಯಾಕ್ಸ್ ಮುಖ್ಯ ನಂಬರಿಗೇ ಬರುತ್ತಿತ್ತು, ಸ್ವಾಗತದ ದನಿ ಮೊದಲು ಕೇಳಿ, ಆಮೇಲೆ ಸಿಸ್ಟಂ ಫ್ಯಾಕ್ಸ್ ಟೋನ್ ಗುರುತಿಸಬೇಕಿತ್ತು. ಕರೆ ಮಾಡುವ ಮಷೀನ್ ಅರ್ಧ ಸೆಕೆಂಡ್ ಕೂಗಿ ಮೂರು ಸೆಕೆಂಡ್ ಸುಮ್ಮನಿರುತ್ತದೆ, ಅದನ್ನು ಹಿಡಿಯುವುದು ನಮ್ಮ ಪಿಬಿಎಕ್ಸ್‌ಗೆ ಎಷ್ಟೋ ಸಲ ಆಗುತ್ತಿರಲಿಲ್ಲ. ಫ್ಯಾಕ್ಸ್‌ಗೇ ಬೇರೆ ನಂಬರ್ ತೆಗೆದುಕೊಂಡೆವು, ಆ ಕಥೆ ಮುಗಿಯಿತು. ಪಿಬಿಎಕ್ಸ್‌ನ ಅನಲಾಗ್ ಪೋರ್ಟ್‌ನಲ್ಲಿ ಜಿಟರ್ ಬಫರ್ (ಹಿಂದೆಮುಂದೆ ಬರುವ ಪ್ಯಾಕೆಟ್‌ಗಳನ್ನು ಸ್ವಲ್ಪ ತಡೆದು ಸಾಲಾಗಿ ಬಿಡುವ ಜಾಗ) ತಾನೇ ಹಿಗ್ಗುತ್ತಾ ಕುಗ್ಗುತ್ತಾ ಇತ್ತು, ಅದನ್ನು ಬದಲಿಸುವ ದಾರಿ ಇರಲಿಲ್ಲ. ಮಾತಿಗೆ ಅದು ಒಳ್ಳೆಯದು, ಫ್ಯಾಕ್ಸ್‌ಗೆ ಕೆಟ್ಟದ್ದು. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡ್‌ಗೆ ಹೋಗಿ ಬಫರ್ ಅನ್ನು ಒಂದೇ ಅಳತೆಗೆ ನಿಲ್ಲಿಸಬಹುದಾದ ಎಟಿಎ ಡಬ್ಬಿ (ಹಳೆಯ ಮಾದರಿ ಫೋನು, ಫ್ಯಾಕ್ಸನ್ನು ನೆಟ್‌ಗೆ ಸೇರಿಸುವಂಥದ್ದು) ತಂದೆ. ಫ್ಯಾಕ್ಸ್ ಈಗ ಅದರ ಮೇಲೆಯೇ ಇದೆ. ಕರೆಂಟ್ ಹೋಗಿ ಬಂದಾಗ ಫೈಬರ್ ಡಬ್ಬಿಗಿಂತ ಮೊದಲೇ ಎಟಿಎ ಎದ್ದು, ನೆಟ್ ಸಿಗದೆ ಹಾಗೇ ಕೂತಿರುತ್ತಿತ್ತು. ಈಗ ಫೈಬರ್ ಡಬ್ಬಿ, ಸ್ವಿಚ್, ಎಟಿಎ, ಫ್ಯಾಕ್ಸ್ ನಾಲ್ಕೂ ಒಂದೇ ಯುಪಿಎಸ್ ಮೇಲಿವೆ.

ಟಿ.38 ಬಗ್ಗೆ ಕೇಳುವವರಿಗೆ: ಫ್ಯಾಕ್ಸನ್ನು ಸದ್ದಾಗಿ ಕಳಿಸದೆ ಡೇಟಾ ಆಗಿ ಕಳಿಸುವ ಈ ಪದ್ಧತಿ 1998ರಲ್ಲೇ ಬಂದದ್ದು. ಕೆಲಸ ಮಾಡಿದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ದಾರಿಯಲ್ಲಿರುವ ಎಲ್ಲ ಕಂಪನಿಗಳೂ ಅದನ್ನು ಸರಿಯಾಗಿ ನಡೆಸಬೇಕು. ನಾನು ವರ್ಷಕ್ಕೊಂದು ಸಲ ಪರೀಕ್ಷೆ ಮಾಡುತ್ತೇನೆ. ಮೂರು ಸಲವೂ ಊರೊಳಗೆ, ಹೊಸೂರಿಗೆ ಚೆನ್ನಾಗಿ ಹೋಯಿತು. ಜಪಾನಿಗೆ ಟಿ.38ಗೆ ಬದಲಾಗುವ ಹೊತ್ತಿಗೇ ಕರೆ ಬಿತ್ತು. ಹಾಗಾಗಿ ನಮ್ಮಲ್ಲಿ ಆಫ್ ಇದೆ. ಟ್ರಂಕ್ ತೆಗೆದುಕೊಳ್ಳುವ ಮೊದಲು "ಟಿ.38 ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ನೀವು ಫ್ಯಾಕ್ಸ್ ಕಳಿಸಬೇಕಾದ ನಂಬರಿಗೇ ಹತ್ತು ಪುಟ ಕಳಿಸಿ ತೋರಿಸಿ ಅಂತ ಕೇಳಿ.

ಮಾತಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಫ್ಯಾಕ್ಸ್‌ಗೆ, ಹಾಕಿಕೊಟ್ಟ ಸ್ಥಿತಿಯಲ್ಲಿ ಒಂದು, ಈಗಿನ ಸ್ಥಿತಿಯಲ್ಲಿ ನಾಲ್ಕು. ಬೆಂಬಲಕ್ಕೆ ಎರಡಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುವುದಿಲ್ಲ. ಮೂರು ವರ್ಷದಲ್ಲಿ ಒಬ್ಬರೂ ನಮ್ಮನ್ನು "ಯಾವ ಹೊತ್ತಿಗೆ ಕೆಡುತ್ತೆ?" ಅಂತ ಕೇಳಲಿಲ್ಲ.

ನೋಟ್‌ಬುಕ್ ಈಗ ಮೂರನೆಯದು ನಡೆಯುತ್ತಿದೆ. ಕಳೆದ ತಿಂಗಳು 61 ಫ್ಯಾಕ್ಸ್, ಎರಡು ಕೆಟ್ಟವು, ಎರಡೂ ಎರಡನೇ ಸಲಕ್ಕೆ ಹೋದವು. ಈಗ ಜಪಾನಿನವರು ಮೊದಲ ಪುಟದ ಮೇಲೇ ಒಟ್ಟು ಎಷ್ಟು ಪುಟ ಅಂತ ಬರೆದು ಕಳಿಸುತ್ತಾರೆ. ಪುಟ ಎಣಿಸಿ ಮೇಡಂ ಸಹಿ ಹಾಕಿದ ಮೇಲೆಯೇ ಡ್ರಾಯಿಂಗ್ ಶಾಪ್ ಫ್ಲೋರ್‌ಗೆ ಹೋಗುತ್ತದೆ.