ಅಮ್ಮನ ಇನ್‌ಹೇಲರ್‌ಗೆ ಸ್ಪೇಸರ್: ವರ್ಷಗಟ್ಟಲೆ ಬಳಸಿದ ಮೇಲೆ

ಉಬ್ಬಸ ಇರುವವರ ಮನೆಗಳಲ್ಲಿ ಇನ್‌ಹೇಲರ್ ಕಾಣುತ್ತದೆ, ಸ್ಪೇಸರ್ ಕಾಣುವುದು ಅಪರೂಪ. ನಾವಾಗಿಯೇ ಕೇಳದಿದ್ದರೆ ಔಷಧದಂಗಡಿಯಲ್ಲೂ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ನನಗೆ ಬೇಸರ ಆಗುವುದೇ ಅಲ್ಲಿ.

ನೋಡಲು ಬರೀ ಪ್ಲಾಸ್ಟಿಕ್ ಡಬ್ಬಿ. ಒಂದು ತುದಿಗೆ ಇನ್‌ಹೇಲರ್, ಇನ್ನೊಂದು ತುದಿ ಬಾಯಿಗೆ. ಪಂಪ್ ಒತ್ತಿದಾಗ ಔಷಧ ತುಂಬಾ ಜೋರಾಗಿ ಚಿಮ್ಮುತ್ತದೆ. ನೇರ ಬಾಯಿಗೆ ಹೊಡೆದುಕೊಂಡರೆ ಜಾಸ್ತಿ ಪಾಲು ಗಂಟಲಿಗೇ ಅಂಟುತ್ತದೆ. ಡಬ್ಬಿಯೊಳಗೆ ಆ ವೇಗ ತಗ್ಗಿ, ಸಣ್ಣ ಕಣಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಒತ್ತಿದ ಕ್ಷಣದಲ್ಲೇ ಉಸಿರೆಳೆಯುವುದು ವಯಸ್ಸಾದವರಿಗೆ ಕಷ್ಟ ಅಲ್ವಾ? ವಾಲ್ವ್ ಇರುವ ಸ್ಪೇಸರ್‌ನಲ್ಲಿ ಆ ಗಡಿಬಿಡಿ ಇಲ್ಲ. ಅಮ್ಮ ಇನ್‌ಹೇಲರ್ ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ಒಂದು ಸಲ ಒತ್ತಿ, ನಿಧಾನಕ್ಕೆ ಎಳೆದು, 10 ಸೆಕೆಂಡ್ ತಡೆಯುತ್ತಾರೆ. ಎರಡನೇ ಪಫ್ ಇದ್ದರೆ ಮತ್ತೆ ಮೊದಲಿಂದ. ಕೊನೆಗೆ ಬಾಯಿ ಮುಕ್ಕಳಿಸುವುದು. ಮೊದಲಿದ್ದ ಗಂಟಲು ಕಟ್ಟುವ ತೊಂದರೆ ಈಗ ತುಂಬಾ ಕಡಿಮೆ.

ಕೊರತೆಗಳೂ ಇವೆ. ನಾವು ಕೊಂಡ ಸ್ಪೇಸರ್ ಜೊತೆಗಿದ್ದ ಚೀಟಿಯಲ್ಲಿ ಒಂದು ಸಾಲು ಕನ್ನಡ ಇರಲಿಲ್ಲ. ತೊಳೆಯುವ ರೀತಿ ಗೊತ್ತಿರಲೇಬೇಕು: ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ತನ್ನಷ್ಟಕ್ಕೆ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಬಂದು ಔಷಧ ಗೋಡೆಗೇ ಮೆತ್ತಿಕೊಳ್ಳುತ್ತದೆ. ವಾಲ್ವ್ ಸಡಿಲವಾದರೆ ಹೊಸದು ತರಬೇಕು.

ಸ್ಪೇಸರ್ ಎಷ್ಟೇ ಒಳ್ಳೆಯದಿದ್ದರೂ ದಿನಾ ತೆಗೆದುಕೊಳ್ಳುವ ಔಷಧ ನಿಲ್ಲಿಸಿದರೆ ಪ್ರಯೋಜನ ಇಲ್ಲ. ‘ಈಗ ಚೆನ್ನಾಗಿದ್ದೀನಲ್ಲ’ ಅಂತ ಬಿಟ್ಟುಬಿಡುವವರೇ ಜಾಸ್ತಿ. ಉಸಿರು ಕಟ್ಟಿದಾಗ ಮಾತ್ರ ನೀಲಿ ಪಂಪ್ (ತಕ್ಷಣಕ್ಕೆ ಆರಾಮ ಕೊಡುವ ಇನ್‌ಹೇಲರ್) ಒತ್ತಿದರೆ ಆ ಹೊತ್ತಿಗೆ ಶ್ವಾಸನಾಳ ಸಡಿಲವಾಗುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಬರೀ ಅದನ್ನೇ ನಂಬಬಾರದು ಅಂತ ಆಸ್ತಮಾದ ಜಾಗತಿಕ ಮಾರ್ಗಸೂಚಿ ‘ಜಿನಾ’ 2019ರಲ್ಲೇ ಹೇಳಿದೆ. ಇನ್‌ಹೇಲರ್ ಚಟವಾಗುತ್ತದೆ ಅನ್ನುವ ಭಯ ಬೇಡ. ದಿನಾ ಎಳೆಯುವ ಪಂಪ್‌ನಲ್ಲಿ ಊತ ಇಳಿಸಲು ಇರುವ ಸ್ಟಿರಾಯ್ಡ್‌ಗೂ ಹೆದರಬೇಕಿಲ್ಲ: ಅದರ ಅಳತೆ ಮೈಕ್ರೋಗ್ರಾಂಗಳಲ್ಲಿ (ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು), ಮಾತ್ರೆಯದ್ದು ಮಿಲಿಗ್ರಾಂಗಳಲ್ಲಿ. ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಉಬ್ಬಸಕ್ಕೆ ಅಂತ ಕೊಡುವ ಮೀನಿನ ಮದ್ದು ನುಂಗಿ ಬಂದವರು ನಮ್ಮ ನೆಂಟರಲ್ಲೂ ಇದ್ದಾರೆ. ಹೋಗಿ ಬನ್ನಿ, ಆದರೆ ದಯವಿಟ್ಟು ಪಂಪ್ ಬಿಡಬೇಡಿ.

ಚಳಿಗಾಲ, ದೀಪಾವಳಿ ಹೊಗೆಗೆ ಮೊದಲೇ ಒಂದು ಸ್ಪೇಸರ್ ಕೊಂಡಿಟ್ಟುಕೊಳ್ಳಿ. ಪುಟ್ಟ ಮಕ್ಕಳಿಗಾದರೆ ಮಾಸ್ಕ್ ಇರುವುದನ್ನೇ ಕೇಳಿ. ಹೇಗೆ ಎಳೆಯುತ್ತೀರಿ ಅಂತ ಡಾಕ್ಟರ್ ಎದುರೇ ಒಮ್ಮೆ ಮಾಡಿ ತೋರಿಸಿ.